ಆ ಮಾತನ್ನು ಯಾರ ಮುಂದೆ ಆಡುವುದು?



ದತ್ತಿ ಉಪನ್ಯಾಸದ ವೇದಿಕೆಯಲ್ಲಿ ಸಾಮಾನ್ಯವಾಗಿ ಸಾಹಿತ್ಯ, ಇತಿಹಾಸ, ಕಲೆಗಳ ಮಾತು ನಡೆಯುತ್ತದೆ. ಇಂದು ನಾನು ಆತ್ಮಹತ್ಯೆಯ ಕುರಿತು ಮಾತಾಡಲಿದ್ದೇನೆ. ಇಲ್ಲಿ ಕುಳಿತವರಲ್ಲಿ ಕೆಲವರ ಮನೆಯಲ್ಲಿ ಇಂಥ ಸಾವು ಸಂಭವಿಸಿರಬಹುದು. ಕೆಲವರ ಮನಸ್ಸಿನಲ್ಲಿ ಈಗಲೂ ಆ ಯೋಚನೆ ಸುಳಿದು ಹೋಗುತ್ತಿರಬಹುದು. ಅವರನ್ನು ಕಣ್ಣೆದುರು ಇಟ್ಟುಕೊಂಡೇ ಈ ಉಪನ್ಯಾಸವನ್ನು ಬರೆದಿದ್ದೇನೆ. ಕೇಳುತ್ತ ಕೇಳುತ್ತ ಕಷ್ಟವಾದರೆ ಎದ್ದು ಹೊರಗೆ ಹೋಗಿ, ಯಾರೂ ತಪ್ಪು ತಿಳಿಯುವುದಿಲ್ಲ.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಸಂಗತಿ. ಸಾಯಬೇಕು ಅನ್ನಿಸಿದ ಮನುಷ್ಯ ಬಹುಮಟ್ಟಿಗೆ ಅದನ್ನು ಯಾರಿಗಾದರೂ ಹೇಳಿಕೊಳ್ಳಲು ನೋಡುತ್ತಾನೆ. ನೇರವಾಗಿ ಹೇಳದಿದ್ದರೂ ಸುತ್ತಿ ಬಳಸಿ ಹೇಳುತ್ತಾನೆ. ನಮ್ಮ ಮನೆ, ಶಾಲೆ, ಮಠ, ಆಸ್ಪತ್ರೆಗಳಲ್ಲಿ ಆ ಮಾತಿಗೆ ಜಾಗವಿಲ್ಲ. ಆಡಿದರೆ ಬೈಗುಳ, ಅಳು, ದೇವರ ಆಣೆ, ಇಲ್ಲವೇ ಪೊಲೀಸರ ಭಯ. ಹೀಗಾಗಿ ಇವತ್ತಿನ ಹುಡುಗ, ಹುಡುಗಿಯರು ಆ ಮಾತನ್ನು ಮಧ್ಯರಾತ್ರಿ ಹೊದಿಕೆಯೊಳಗೆ ಫೋನ್ ಹಿಡಿದು ಎಲ್ಲೋ ಇರುವ ಅಪರಿಚಿತರ ಮುಂದೆ ಆಡುತ್ತಾರೆ. ಅಲ್ಲಿ ಕೇಳುವವರು ಸಿಗುತ್ತಾರೆ, ಅದು ನಿಜ. ಎಂಥವರು ಸಿಗುತ್ತಾರೆ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು. ಒಂದು ಜೀವದ ಅಳಿವು ಉಳಿವನ್ನು ಹೀಗೆ ಅದೃಷ್ಟಕ್ಕೆ ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಕೇಳಿಸಿಕೊಳ್ಳುವ ಕೆಲಸ ಹೇಗೆ ಶುರುವಾಯಿತು ಎಂಬುದನ್ನು ಮೊದಲು ಹೇಳುತ್ತೇನೆ. 1935ರಲ್ಲಿ ಇಂಗ್ಲೆಂಡಿನ ಲಿಂಕನ್ ಊರಿನಲ್ಲಿ ಚಾಡ್ ವಾರಾ ಎಂಬ ತರುಣ ಪಾದ್ರಿ ಒಂದು ಅಂತ್ಯಸಂಸ್ಕಾರ ನಡೆಸಬೇಕಾಯಿತು. ತೀರಿಕೊಂಡವಳು ಹದಿನಾಲ್ಕು ವರ್ಷದ ಹುಡುಗಿ. ಅವಳಿಗೆ ಮೊದಲ ಬಾರಿಗೆ ಮುಟ್ಟಾಗಿತ್ತು. ಅದೇನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬಾರದ ಕೆಟ್ಟ ಕಾಯಿಲೆ ತನಗೆ ತಗುಲಿದೆ ಎಂದು ತಿಳಿದು ಪ್ರಾಣ ಕಳೆದುಕೊಂಡಿದ್ದಳು. ಒಬ್ಬ ಅಕ್ಕನೋ ಅತ್ತೆಯೋ ಟೀಚರೋ ಎರಡು ನಿಮಿಷ ಕೂತು ಮಾತಾಡಿದ್ದರೆ ಮುಗಿದುಹೋಗುತ್ತಿದ್ದ ಭಯ ಅದು. ವಾರಾ ಆ ಮಗುವನ್ನು ಜೀವಮಾನವಿಡೀ ಮರೆಯಲಿಲ್ಲ. ಎಳೆಯರಿಗೆ ದೇಹದ ಬಗ್ಗೆ, ಲೈಂಗಿಕತೆಯ ಬಗ್ಗೆ ತಿಳಿಹೇಳುವ ಕೆಲಸಕ್ಕೆ ಇಳಿದರು. ಆ ಕಾಲದಲ್ಲಿ ಒಬ್ಬ ಪಾದ್ರಿ ಅದನ್ನು ಮಾಡುವುದೆಂದರೆ ಸಣ್ಣ ಧೈರ್ಯವಲ್ಲ.

1953ರ ನವೆಂಬರ್ 2ರಂದು ಲಂಡನ್ನಿನ ಸೇಂಟ್ ಸ್ಟೀಫನ್ ವಾಲ್‌ಬ್ರೂಕ್ ಚರ್ಚಿನಲ್ಲಿ ವಾರಾ ಒಂದು ಟೆಲಿಫೋನ್ ಇಟ್ಟುಕೊಂಡು ಕುಳಿತರು. ಸಾಯುವ ಯೋಚನೆ ಬಂದವರು ಕರೆ ಮಾಡಬಹುದು, ಬಂದು ಭೇಟಿಯಾಗಬಹುದು ಎಂದು ತಿಳಿಸಿದರು. ಆಗ ಇಂಗ್ಲೆಂಡಿನಲ್ಲಿ ಆತ್ಮಹತ್ಯೆಗೆ ಯತ್ನಿಸುವುದು ಅಪರಾಧ, ಆ ಕಾನೂನು ಹೋದದ್ದು 1961ರಲ್ಲಿ. ಅಂದರೆ ಕರೆ ಮಾಡುವವನು ತಾನು ಮಾಡಬೇಕೆಂದಿರುವ ಅಪರಾಧವನ್ನು ಅಪರಿಚಿತನೊಬ್ಬನಿಗೆ ಹೇಳಿಕೊಳ್ಳಬೇಕಾಗಿತ್ತು. ಹಾಗಿದ್ದೂ ಜನ ಬಂದರು, ಸಾಲುಗಟ್ಟಿ ಬಂದರು. ವಾರಾ ಒಬ್ಬೊಬ್ಬರನ್ನೇ ಒಳಗೆ ಕರೆದು ಮಾತಾಡುವಾಗ ಉಳಿದವರು ಹೊರಗೆ ಕಾಯಬೇಕಾಗುತ್ತಿತ್ತು. ಕಾಯುವವರಿಗೆ ಚಹಾ ಕೊಡಲು, ಜೊತೆಗೆ ಕೂರಲು ಕೆಲವು ಸಾಮಾನ್ಯ ಜನ ಸ್ವಇಚ್ಛೆಯಿಂದ ಬಂದಿದ್ದರು. ಅವರಿಗೆ ಯಾವ ತರಬೇತಿಯೂ ಇರಲಿಲ್ಲ.

ಮುಂದೆ ನಡೆದದ್ದನ್ನು ವಾರಾ ಅವರ ಬಹುದೊಡ್ಡ ಆವಿಷ್ಕಾರ ಎಂದೇ ನಾನು ಕರೆಯುತ್ತೇನೆ. ಹೊರಗೆ ಚಹಾ ಕುಡಿಯುತ್ತ ಕೂತಿದ್ದ ಅನೇಕರು, ತಮ್ಮ ಸರದಿ ಬಂದಾಗ, 'ಇರಲಿ ಬಿಡಿ, ಈಗ ಪಾದ್ರಿಗಳನ್ನು ನೋಡುವ ಅಗತ್ಯವಿಲ್ಲ' ಎಂದು ಎದ್ದು ಹೋಗುತ್ತಿದ್ದರು. ಚಹಾ ಕೊಟ್ಟವರ ಜೊತೆ ಮಾತಾಡಿಯೇ ಅವರ ಭಾರ ಅಷ್ಟು ಇಳಿದಿರುತ್ತಿತ್ತು. ತಮ್ಮ ಸಲಹೆಗಿಂತ ಹೊರಗಿನವರ ಕಿವಿಯೇ ಹೆಚ್ಚು ಕೆಲಸ ಮಾಡುತ್ತಿದೆ ಎಂಬುದನ್ನು ವಾರಾ ಕಂಡುಕೊಂಡರು, ಮತ್ತು ಒಪ್ಪಿಕೊಂಡರು. 1954ರ ಫೆಬ್ರುವರಿಯಲ್ಲಿ ಫೋನನ್ನು ಆ ಸ್ವಯಂಸೇವಕರ ಕೈಗೇ ಒಪ್ಪಿಸಿದರು. ಸಮಾರಿಟನ್ಸ್ ಸಂಸ್ಥೆ ಹುಟ್ಟಿದ್ದು ಹಾಗೆ. ಉಪದೇಶ ಮಾಡಬಾರದು, ಧರ್ಮ ಬೋಧಿಸಬಾರದು, ಕೇಳಿದ್ದನ್ನು ಹೊರಗೆ ಹೇಳಬಾರದು, ಜೊತೆಗಿರಬೇಕು, ಅಷ್ಟೇ. ಪಾದ್ರಿಯೊಬ್ಬ ಕಟ್ಟಿದ ಸಂಸ್ಥೆ ಧರ್ಮಬೋಧೆಯನ್ನು ಬಾಗಿಲ ಹೊರಗೆ ಇಟ್ಟಿತು ಎಂಬುದನ್ನು ನಮ್ಮ ಆಶ್ರಮ, ಮಠಗಳು ಗಮನಿಸಬೇಕು. ಇದೇ ಹಾದಿಯಲ್ಲಿ 1986ರಲ್ಲಿ ಚೆನ್ನೈಯಲ್ಲಿ ಮನೋವೈದ್ಯೆ ಡಾ. ಲಕ್ಷ್ಮಿ ವಿಜಯಕುಮಾರ್ 'ಸ್ನೇಹಾ' ಸಂಸ್ಥೆಯನ್ನು ಆರಂಭಿಸಿದರು.

ಬರಿಯ ಕೇಳಿಸಿಕೊಳ್ಳುವಿಕೆಗೆ ಈ ಶಕ್ತಿ ಎಲ್ಲಿಂದ ಬರುತ್ತದೆ? ಅಮೆರಿಕದ ಎಡ್ವಿನ್ ಶ್ನೈಡ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಜೀವನಪೂರ್ತಿ ಈ ಪ್ರಶ್ನೆಯ ಹಿಂದೆ ಬಿದ್ದವರು. 1958ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆತ್ಮಹತ್ಯೆ ತಡೆ ಕೇಂದ್ರ ತೆರೆದವರಲ್ಲಿ ಅವರೂ ಒಬ್ಬರು. ತಾಳಲಾರದ ಮನಸ್ಸಿನ ನೋವು ಮನುಷ್ಯನ ಯೋಚನೆಯನ್ನು ಕಿರಿದು ಮಾಡುತ್ತದೆ, ಎಷ್ಟೋ ದಾರಿಗಳಿದ್ದರೂ ಕಣ್ಣಿಗೆ ಎರಡೇ ಕಾಣತೊಡಗುತ್ತವೆ ಎಂದರು ಅವರು. ಒಂದೋ ಎಲ್ಲ ಸರಿಹೋಗಬೇಕು, ಇಲ್ಲವೋ ಸಾಯಬೇಕು. ನಡುವೆ ಏನೂ ಇಲ್ಲ. ಇದಕ್ಕೆ ಅವರು ಕೊಡುವ ಒಂದು ಪ್ರಸಂಗವಿದೆ. ಮದುವೆಯಾಗದ ಕಾಲೇಜು ಹುಡುಗಿಯೊಬ್ಬಳು ಗರ್ಭಿಣಿಯಾಗಿ, ಸಾಯುವ ನಿರ್ಧಾರ ಮಾಡಿಕೊಂಡೇ ಅವರ ಬಳಿ ಬಂದಳು. ಶ್ನೈಡ್‌ಮನ್ ಬುದ್ಧಿ ಹೇಳಲಿಲ್ಲ. ಒಂದು ಹಾಳೆ ತೆಗೆದುಕೊಂಡು ಅವಳ ಎದುರೇ ಬರೆಯುತ್ತ ಹೋದರು. ಮಗುವನ್ನು ಹೆತ್ತು ಸಾಕುವುದು, ದತ್ತು ಕೊಡುವುದು, ಗರ್ಭ ತೆಗೆಸುವುದು, ಮನೆಯವರಿಗೆ ತಿಳಿಸುವುದು, ಆ ಹುಡುಗನಿಗೆ ಹೇಳುವುದು, ಹೀಗೆ. ಒಂದೊಂದಕ್ಕೂ ಅವಳು 'ಅದಾಗದು' ಅಂದಳು. ಅವರು ವಾದಿಸಲಿಲ್ಲ. ಕೊನೆಗೆ ಸಾಯುವುದನ್ನೂ ಆ ಪಟ್ಟಿಯಲ್ಲೇ ಸೇರಿಸಿ, 'ಇವುಗಳಲ್ಲಿ ಯಾವುದು ಕಡಿಮೆ ಕೆಟ್ಟದ್ದು, ಯಾವುದು ಹೆಚ್ಚು ಕೆಟ್ಟದ್ದು, ಅಂಕಿ ಹಾಕಿ' ಎಂದರು. ಅವಳು ಅಂಕಿ ಹಾಕಿದಾಗ ಸಾವು ಮೊದಲನೆಯ ಸ್ಥಾನದಲ್ಲಿ ಉಳಿದಿರಲಿಲ್ಲ. ಅವಳ ಕಷ್ಟ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಎರಡು ದಾರಿಗಳಿದ್ದ ಕಡೆ ಈಗ ಹಲವು ಇದ್ದವು, ಅವು ಒಂದೂ ಚೆನ್ನಾಗಿಲ್ಲದಿದ್ದರೂ.

ಈ ಕಿರಿದಾಗುವಿಕೆಗೆ ಇನ್ನೊಂದು ಗುಣವಿದೆ. ಅದು ಬರುತ್ತದೆ, ಹೋಗುತ್ತದೆ. 'ಸಾಯಬೇಕೆಂದು ತೀರ್ಮಾನಿಸಿದವರನ್ನು ಯಾರು ತಡೆಯಲಾದೀತು, ಇವತ್ತಲ್ಲದಿದ್ದರೆ ನಾಳೆ' ಎನ್ನುವ ಮಾತು ನಮ್ಮಲ್ಲಿ ಬಹಳ ಇದೆ. ಅದು ತಪ್ಪು. ಅಮೆರಿಕದ ಒಂದು ಸೇತುವೆಯ ಮೇಲೆ 1937ರಿಂದ 1971ರವರೆಗೆ ತಡೆದು ಉಳಿಸಲಾದ 515 ಜನರ ಮುಂದಿನ ಜೀವನವನ್ನು ಬರ್ಕ್ಲಿಯ ರಿಚರ್ಡ್ ಸೈಡನ್ ಹುಡುಕಿ ನೋಡಿ 1978ರಲ್ಲಿ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ 94 ಜನ ಇನ್ನೂ ಬದುಕಿದ್ದರು ಇಲ್ಲವೇ ಸಹಜವಾಗಿ ತೀರಿಕೊಂಡಿದ್ದರು. ಆ ಗಳಿಗೆಯನ್ನು ದಾಟಿಸಿದ್ದು ಅವರನ್ನು ಉಳಿಸಿತ್ತು.

ನಮ್ಮ ನೆರೆಯ ಶ್ರೀಲಂಕಾ ಇದನ್ನು ಇಡೀ ದೇಶದ ಮಟ್ಟದಲ್ಲಿ ತೋರಿಸಿತು. 1995ರಲ್ಲಿ ಅಲ್ಲಿ ಲಕ್ಷಕ್ಕೆ 47 ಜನ ಆತ್ಮಹತ್ಯೆಯಿಂದ ಸಾಯುತ್ತಿದ್ದರು, ಅದು ಪ್ರಪಂಚದಲ್ಲೇ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಒಂದು. ಸರ್ಕಾರ ಅತ್ಯಂತ ವಿಷಕಾರಿಯಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಬಂತು. ಎರಡು ದಶಕಗಳಲ್ಲಿ ಆ ಪ್ರಮಾಣ ಸುಮಾರು 70 ಪ್ರತಿಶತ ಇಳಿಯಿತು, ಇಳುವರಿಗೆ ಧಕ್ಕೆಯಾದದ್ದು ಕಾಣಲಿಲ್ಲ. ತಮಿಳುನಾಡಿನ ಕಾಟ್ಟುಮನ್ನಾರ್‌ಕೋಯಿಲ್ ಕಡೆಯ ಹಳ್ಳಿಗಳಲ್ಲಿ ಲಕ್ಷ್ಮಿ ವಿಜಯಕುಮಾರ್ ಮತ್ತು ಸಂಗಡಿಗರು ಇನ್ನೂ ಸರಳವಾದ ಪ್ರಯೋಗ ಮಾಡಿದರು. ಕೀಟನಾಶಕವನ್ನು ಮನೆಯ ಅಟ್ಟದಲ್ಲಿ ಇಡುವ ಬದಲು ಊರಿಗೊಂದು ಸಾಮೂಹಿಕ ಉಗ್ರಾಣ, ರೈತನಿಗೊಂದು ಬೀಗದ ಪೆಟ್ಟಿಗೆ. ಬೇಕಾದಾಗ ತೆಗೆದುಕೊಂಡು ಹೊಲಕ್ಕೆ ಹೋಗಬಹುದು. ಆ ಹಳ್ಳಿಗಳಲ್ಲಿ ಇಂಥ ಸಾವುಗಳು ಇಳಿದವು. ಹಾವೇರಿಯಲ್ಲಿ, ಮಂಡ್ಯದಲ್ಲಿ, ರಾಯಚೂರಿನಲ್ಲಿ ಸಹಕಾರ ಸಂಘಗಳ ಗೋದಾಮುಗಳಿವೆ. ಇದನ್ನು ಇಲ್ಲಿ ಮಾಡಿನೋಡಲು ಯಾವ ಅಡ್ಡಿಯೂ ನನಗೆ ಕಾಣುವುದಿಲ್ಲ.

ಈಗ ಫೋನಿನ ವಿಷಯ. 2017ರಲ್ಲಿ ಲಂಡನ್ನಿನ ಹ್ಯಾರೋದಲ್ಲಿ ಮಾಲಿ ರಸೆಲ್ ಎಂಬ ಹದಿನಾಲ್ಕರ ಬಾಲಕಿ ಪ್ರಾಣ ಕಳೆದುಕೊಂಡಳು. ಅವಳ ತಂದೆ ವರ್ಷಗಟ್ಟಲೆ ಹೋರಾಡಿ ಅವಳ ಫೋನಿನಲ್ಲಿ ಏನಿತ್ತು ಎಂಬುದನ್ನು ಹೊರಗೆ ತೆಗೆಸಿದರು. ಕೊನೆಯ ಆರು ತಿಂಗಳಲ್ಲಿ ಅವಳು ಇನ್‌ಸ್ಟಾಗ್ರಾಮ್‌ನಲ್ಲಿ ಮೆಚ್ಚಿದ, ಉಳಿಸಿಕೊಂಡ, ಹಂಚಿಕೊಂಡ ಸುಮಾರು 16,300 ಪೋಸ್ಟ್‌ಗಳಲ್ಲಿ 2,100 ಖಿನ್ನತೆ, ಸ್ವಹಾನಿ, ಆತ್ಮಹತ್ಯೆಗೆ ಸಂಬಂಧಿಸಿದವು. ಎಷ್ಟೋ ಸಾಮಗ್ರಿಯನ್ನು ಅವಳು ಕೇಳಿರಲೇ ಇಲ್ಲ, ಯಂತ್ರವೇ ಮುಂದೆ ತಂದು ಇಟ್ಟಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಮರಣ ವಿಚಾರಣಾಧಿಕಾರಿ ಈ ಸಾಮಗ್ರಿಯ ದುಷ್ಪರಿಣಾಮವೂ ಅವಳ ಸಾವಿಗೆ ಕಾರಣಗಳಲ್ಲಿ ಸೇರಿದೆ ಎಂದು ದಾಖಲಿಸಿದರು. ಮರುವರ್ಷ ಬ್ರಿಟನ್ನು ಆನ್‌ಲೈನ್ ಸುರಕ್ಷತಾ ಕಾಯ್ದೆಯನ್ನು ತಂದಿತು.

1935ರ ಹುಡುಗಿಗೆ ಹೇಳುವವರೇ ಇರಲಿಲ್ಲ. 2017ರ ಹುಡುಗಿಗೆ ಹೇಳುವವರು ಸಾವಿರ, ಕೇಳಿಸಿಕೊಂಡವರು ಯಾರೂ ಇಲ್ಲ. ನೋವನ್ನು ಗುರುತಿಸಿ ಅದೇ ನೋವನ್ನು ಮತ್ತೆ ಮತ್ತೆ ಬಡಿಸುವ ಯಂತ್ರ ಚಾಡ್ ವಾರಾ ಅವರ ಸ್ವಯಂಸೇವಕರ ಜಾಗದಲ್ಲಿ ಕೂತಿದೆ.

ಹಾಗೆಂದು ಫೋನಿನ ಆಚೆ ಇರುವುದೆಲ್ಲ ವಿಷ ಎಂದು ನಾನು ಹೇಳುವುದಿಲ್ಲ. ಮನೆಯಲ್ಲಿ ಹೇಳಿಕೊಳ್ಳಲಾಗದ ಲೈಂಗಿಕ ಒಲವಿನ ಹುಡುಗ, ಅತ್ತೆಮನೆಯಲ್ಲಿ ಒಂಟಿಯಾದ ಸೊಸೆ, ಹಾಸ್ಟೆಲಿನಲ್ಲಿ ಜಾತಿಯ ಹೆಸರಿನ ಅವಮಾನ ನುಂಗಿದ ವಿದ್ಯಾರ್ಥಿ, ಇವರಿಗೆಲ್ಲ 'ನನಗೂ ಹೀಗೇ ಆಗಿತ್ತು, ನಾನು ಇನ್ನೂ ಇದ್ದೇನೆ' ಎನ್ನುವವರು ಮೊದಲು ಸಿಗುವುದು ಅಲ್ಲೇ ಇರಬಹುದು. ಆ ಒಂದು ಮಾತಿಗೆ ಬೆಲೆಯಿದೆ ಎಂಬುದಕ್ಕೆ ಆಧಾರವೂ ಇದೆ. 2010ರಲ್ಲಿ ಆಸ್ಟ್ರಿಯಾದ ಥಾಮಸ್ ನೀಡರ್‌ಕ್ರೋಟೆನ್‌ಥಾಲರ್ ಮತ್ತು ಸಂಗಡಿಗರು ಆತ್ಮಹತ್ಯೆಯ ಪತ್ರಿಕಾ ವರದಿಗಳನ್ನು ವಿಂಗಡಿಸಿ ನೋಡಿದರು. ಸಾಯುವ ಯೋಚನೆ ಬಂದೂ ಅದನ್ನು ದಾಟಿ ಬಂದವರ ಕಥೆಗಳು ಪ್ರಕಟವಾದ ಬಳಿಕ ಸಾವುಗಳು ಕಡಿಮೆಯಾಗುವುದನ್ನು ಕಂಡರು. ಮೋಟ್ಸಾರ್ಟ್‌ನ ಸಂಗೀತ ನಾಟಕವೊಂದರಲ್ಲಿ ಪಾಪಗೆನೊ ಎಂಬ ಹಕ್ಕಿಗಾರ ಸಾಯಲು ಹೊರಟಾಗ ಮೂವರು ಹುಡುಗರು ಬಂದು ಬೇರೆ ದಾರಿಯನ್ನು ನೆನಪಿಸುತ್ತಾರೆ. ಈ ಪರಿಣಾಮಕ್ಕೆ ಅವನ ಹೆಸರನ್ನೇ ಇಟ್ಟರು. ಇದರ ಇನ್ನೊಂದು ಮುಖ ವಿಯೆನ್ನಾ ನಗರದ್ದು. ಅಲ್ಲಿನ ಸುರಂಗ ರೈಲಿನಲ್ಲಿ ಆಗುತ್ತಿದ್ದ ಸಾವುಗಳನ್ನು ಪತ್ರಿಕೆಗಳು ರೋಚಕವಾಗಿ ಬರೆಯುತ್ತಿದ್ದವು. 1987ರಲ್ಲಿ ತಜ್ಞರ ಕೋರಿಕೆಗೆ ಒಪ್ಪಿ ಹಾಗೆ ಬರೆಯುವುದನ್ನು ಬಿಟ್ಟವು. ಅಲ್ಲಿನ ಸಾವುಗಳು ಮುಕ್ಕಾಲು ಪಾಲಿನಷ್ಟು ಇಳಿದವು. ನಮ್ಮ ಪತ್ರಿಕಾ ಮಂಡಳಿಯೂ 2019ರಲ್ಲಿ ಇಂಥ ಮಾರ್ಗಸೂಚಿ ಕೊಟ್ಟಿದೆ. ಆದರೂ ಸತ್ತ ರೀತಿಯನ್ನೇ ತಲೆಬರಹ ಮಾಡುವ, ಮನೆಯ ಜಗಲಿಯಲ್ಲಿ ಅಳುವ ತಾಯಿಯ ಬಾಯಿಗೆ ಮೈಕ್ ಹಿಡಿಯುವ ಕನ್ನಡ ವಾಹಿನಿಗಳನ್ನು ನಾವೆಲ್ಲ ನೋಡಿದ್ದೇವೆ. ಅದು ನಿಲ್ಲಬೇಕು. ನೋಡುವವರಾದ ನಾವು ಬೇಡವೆಂದರೆ ನಿಲ್ಲುತ್ತದೆ.

ಮಗುವಿನ ಫೋನಿನಲ್ಲಿ ಇಂಥದ್ದು ಕಂಡಾಗ ತಂದೆ ತಾಯಿ ಮೊದಲು ಮಾಡುವುದು ಫೋನ್ ಕಿತ್ತುಕೊಳ್ಳುವುದು. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಆ ಮಗು ಮಾತಾಡುತ್ತಿದ್ದ ಒಂದೇ ಜಾಗವನ್ನು ಮುಚ್ಚಿ, ಬದಲಿಗೆ ಮನೆಯಲ್ಲಿ ಜಾಗ ತೆರೆಯದಿದ್ದರೆ, ಮುಂದಿನ ಬಾರಿ ಅದು ಯಾರಿಗೂ ಹೇಳುವುದಿಲ್ಲ. ಮೊದಲು ಪಕ್ಕದಲ್ಲಿ ಕೂತು ಕೇಳಿ: 'ಯಾವಾಗಿನಿಂದ ಹೀಗನ್ನಿಸುತ್ತಿದೆ? ಸಾಯಬೇಕು ಅನ್ನಿಸುತ್ತಿದೆಯಾ?' ಹಾಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತೆ ಎಂದು ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಕೇಳಿಸಿಕೊಂಡ ಮೇಲೆ ಬೆಚ್ಚಬೇಡಿ, ಅಳಬೇಡಿ, 'ನಮ್ಮ ಮರ್ಯಾದೆ ಏನಾಗಬೇಕು' ಅನ್ನಬೇಡಿ. ಒಬ್ಬರನ್ನೇ ಬಿಡಬೇಡಿ. ಹಾನಿಯಾಗಬಲ್ಲ ವಸ್ತುಗಳನ್ನು ಮನೆಯಿಂದ ದೂರ ಮಾಡಿ. ಆಮೇಲೆ ವೈದ್ಯರ ಹತ್ತಿರ ಜೊತೆಗೇ ಹೋಗಿ.

ಮರ್ಯಾದೆಯ ಭಯದ ಜೊತೆಗೆ ಬಾಯಿ ಮುಚ್ಚಿಸುವ ಇನ್ನೊಂದು ಭಯ ಕಾನೂನಿನದು, ಅದರ ಬಗ್ಗೆ ಸ್ವಲ್ಪ ಹೇಳಬೇಕು. ಬ್ರಿಟಿಷರು 1860ರಲ್ಲಿ ಬರೆದ ದಂಡ ಸಂಹಿತೆಯ 309ನೇ ಕಲಂ ಆತ್ಮಹತ್ಯಾ ಯತ್ನಕ್ಕೆ ಒಂದು ವರ್ಷದವರೆಗೆ ಸಜೆ ಇಟ್ಟಿತ್ತು. ಅವರು ತಮ್ಮ ದೇಶದಲ್ಲಿ 1961ರಲ್ಲಿ ಬಿಟ್ಟದ್ದನ್ನು ನಾವು ಹಿಡಿದುಕೊಂಡೇ ಇದ್ದೆವು. ಸುಪ್ರೀಂ ಕೋರ್ಟು 1994ರಲ್ಲಿ ಆ ಕಲಮನ್ನು ರದ್ದು ಮಾಡಿತು, 1996ರಲ್ಲಿ ತಾನೇ ಮರಳಿ ಊರ್ಜಿತಗೊಳಿಸಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಬಂದ ಮೇಲೆ, ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಕೊಡುವುದು ಸರ್ಕಾರದ ಹೊಣೆ ಎಂದಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309 ಇಲ್ಲ. ಸರ್ಕಾರಿ ನೌಕರನ ಮೇಲೆ ಒತ್ತಡ ಹೇರಲೆಂದು ಆತ್ಮಹತ್ಯೆಗೆ ಯತ್ನಿಸಿದರೆ ಮಾತ್ರ 226ನೇ ಕಲಂ ಅನ್ವಯಿಸುತ್ತದೆ. ಆದರೆ ನೂರೈವತ್ತು ವರ್ಷಗಳ ಭಯ ಒಂದು ಗೆಜೆಟ್‌ನಿಂದ ಹೋಗುವುದಿಲ್ಲ. 'ಹೊಟ್ಟೆನೋವು ತಾಳಲಾರದೆ' ಎಂಬ ವರದಿಯ ಸಾಲನ್ನು ನೀವೆಲ್ಲ ಓದಿದ್ದೀರಿ. ಆ ಹೊಟ್ಟೆನೋವಿನ ಹಿಂದೆ ಎಷ್ಟು ವರದಕ್ಷಿಣೆ, ಎಷ್ಟು ಬಡ್ಡಿ ಸಾಲ, ಎಷ್ಟು ಅಡಗಿಸಿಟ್ಟ ಪ್ರೇಮ ಇತ್ತೋ, ಕೇಸಿನ ಭಯಕ್ಕೆ ಮುಚ್ಚಿಹೋಯಿತು. ಕಾರಣ ಗೊತ್ತಾಗದೆ ಪರಿಹಾರ ಹುಡುಕುವುದು ಹೇಗೆ?

ಹೀಗೆ ಮುಚ್ಚಿಹೋದದ್ದನ್ನು ಬಿಟ್ಟೂ ಲೆಕ್ಕಕ್ಕೆ ಬಂದವರ ಸಂಖ್ಯೆ 2022ರಲ್ಲಿ ಭಾರತದಲ್ಲಿ 1,70,924. ಕರ್ನಾಟಕದಲ್ಲಿ 13,606. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಅಂಕಿ ಇವು. ಸತ್ತವರಲ್ಲಿ ನಾಲ್ವರಿಗೊಬ್ಬರಿಗಿಂತ ಹೆಚ್ಚು ಜನ ದಿನಗೂಲಿಯವರು. ಇದನ್ನು ಕೇಳಿದ ಮೇಲೂ ಆತ್ಮಹತ್ಯೆಯನ್ನು ಬರಿಯ ಮನಸ್ಸಿನ ಕಾಯಿಲೆ ಎಂದು ಕರೆದು ಮುಂದೆ ಹೋಗಲು ನನ್ನಿಂದಾಗದು. ಕೂಲಿ, ಸಾಲ, ಕುಡಿತ, ಗಂಡನ ಹೊಡೆತ, ಪರೀಕ್ಷೆ ಇವುಗಳಿಗೆ ನೀತಿಯ ಉತ್ತರವೂ ಬೇಕು. 2023-24ರಿಂದ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಗೆ ವರ್ಷದಲ್ಲಿ ಮೂರು ಪರೀಕ್ಷೆ ಬಂದಾಗ ಗುಣಮಟ್ಟ ಹಾಳಾಗುತ್ತದೆ ಎಂದು ಅನೇಕರು ಟೀಕಿಸಿದರು. ಹದಿನಾರು ವರ್ಷದ ಮಗುವಿಗೆ ಫಲಿತಾಂಶದ ದಿನವೇ 'ಮುಂದಿನ ತಿಂಗಳು ಮತ್ತೆ ಬರೆಯಬಹುದು' ಎಂದು ಹೇಳಲು ಸಾಧ್ಯವಾದದ್ದು ನನ್ನ ಮಟ್ಟಿಗೆ ಬಹಳ ದೊಡ್ಡದು. ಶ್ನೈಡ್‌ಮನ್‌ರ ಹಾಳೆಯಲ್ಲಿ ಸರ್ಕಾರವೇ ಒಂದು ಸಾಲು ಸೇರಿಸಿದ ಹಾಗಾಯಿತು.

ನಮ್ಮ ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯನೂ ಪೂರ್ತಿ ಇಲ್ಲ, ಲೆಕ್ಕಕ್ಕೆ ಸಿಗುವುದು 0.75. ಆದ್ದರಿಂದ ಫೋನ್ ಸೇವೆಗಳು ಬೇಕೇಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಇಡೀ ದೇಶದ ಈ ಜಾಲಕ್ಕೆ ಮಾರ್ಗದರ್ಶನ ಕೊಡುವುದು ಬೆಂಗಳೂರಿನ ನಿಮ್ಹಾನ್ಸ್. ಈ ಐದು ಅಂಕಿಗಳನ್ನು ಇಲ್ಲಿರುವ ವಿದ್ಯಾರ್ಥಿಗಳು ಈಗಲೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ನಿಮಗೆ ಬೇಡವಾದರೂ ಪಕ್ಕದ ಕೋಣೆಯವರಿಗೆ ಬೇಕಾಗಬಹುದು.

ಕೊನೆಯದಾಗಿ, ಒಮ್ಮೆ ಯತ್ನಿಸಿ ಉಳಿದವರ ವಿಷಯ. ಮುಂದೆ ಅತಿ ಹೆಚ್ಚು ಅಪಾಯದಲ್ಲಿರುವವರು ಅವರೇ. ಸ್ಯಾನ್ ಫ್ರಾನ್ಸಿಸ್ಕೋದ ಮನೋವೈದ್ಯ ಜೆರೋಮ್ ಮೋಟೊ ಆಸ್ಪತ್ರೆಯಿಂದ ಹೊರಬಂದು ಮುಂದಿನ ಚಿಕಿತ್ಸೆ ಬೇಡವೆಂದ 843 ಜನರಲ್ಲಿ ಅರ್ಧದಷ್ಟು ಮಂದಿಗೆ ಐದು ವರ್ಷ ಆಗಾಗ ಪುಟ್ಟ ಕಾಗದ ಬರೆಸಿದರು. ಹೇಗಿದ್ದೀರಿ, ನಿಮ್ಮ ನೆನಪಾಯಿತು, ಬರೆಯಬೇಕೆನಿಸಿದರೆ ಬರೆಯಿರಿ, ಇಷ್ಟೇ ಅದರ ಸಾರ. ಚಿಕಿತ್ಸೆಗೆ ಬನ್ನಿ ಎಂಬ ಒತ್ತಾಯವೂ ಇಲ್ಲ. ಕಾಗದ ಪಡೆದವರಲ್ಲಿ ಆತ್ಮಹತ್ಯೆಗಳು ಕಡಿಮೆಯಿದ್ದವು, ಮೊದಲ ಎರಡು ವರ್ಷಗಳಲ್ಲಂತೂ ಅಂತರ ಸ್ಪಷ್ಟವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿ ಐದು ಊರುಗಳಲ್ಲಿ, ಯತ್ನಿಸಿ ಉಳಿದ 1,867 ಜನರನ್ನು ಎರಡು ಗುಂಪು ಮಾಡಿ ಅಧ್ಯಯನ ನಡೆಸಿತು. ಒಂದು ಗುಂಪಿಗೆ ಒಮ್ಮೆ ಕೂತು ತಿಳಿಹೇಳಿ, ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನ್ ಮಾಡಿಯೋ ಮನೆಗೆ ಹೋಗಿಯೋ ವಿಚಾರಿಸಿದರು. ಎಂದಿನ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಶೇಕಡಾ 2.2 ಜನ ಆತ್ಮಹತ್ಯೆಯಿಂದ ತೀರಿಕೊಂಡರೆ, ವಿಚಾರಿಸಿಕೊಂಡ ಗುಂಪಿನಲ್ಲಿ 0.2. 2008ರಲ್ಲಿ ಪ್ರಕಟವಾದ ಅಧ್ಯಯನ ಇದು.

ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಂಥವರ ಹೊಟ್ಟೆ ತೊಳೆದು, ಪೊಲೀಸ್ ಠಾಣೆಗೆ ಮಾಹಿತಿ ಕೊಟ್ಟು, ನಾಲ್ಕನೇ ದಿನ ಮನೆಗೆ ಕಳಿಸುತ್ತಾರೆ. ಆಮೇಲೆ ಅವರನ್ನು ಕೇಳುವವರಿಲ್ಲ. ಜಿಲ್ಲಾ ಮಟ್ಟದಲ್ಲಿ ಮಾನಸಿಕ ಆರೋಗ್ಯ ಸೇವೆ ಕೊಡಬಹುದೆಂದು ದೇಶಕ್ಕೆ ಮೊದಲು ತೋರಿಸಿದ್ದು ಕರ್ನಾಟಕವೇ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಆರಂಭಿಸಿದ ಪ್ರಯೋಗವೇ 1996ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವಾಯಿತು. ಯತ್ನಿಸಿ ಉಳಿದವರನ್ನು ವಿಚಾರಿಸಿಕೊಳ್ಳುವ ಈ ಕೆಲಸವನ್ನೂ ಅದೇ ಬಳ್ಳಾರಿಯಿಂದ ಶುರು ಮಾಡಬಹುದು. ಪ್ರತಿ ತಾಲ್ಲೂಕು ಆಸ್ಪತ್ರೆಗೆ ತರಬೇತಿ ಪಡೆದ ಒಬ್ಬ ನರ್ಸ್, ಒಂದು ಫೋನ್, ಒಂದು ದಾಖಲೆ ಪುಸ್ತಕ, ಮನೆಗೆ ಹೋಗಿಬರಲು ಆಶಾ ಕಾರ್ಯಕರ್ತೆಗೆ ಆ ಕೆಲಸದ ಸಂಭಾವನೆ. ಈ ಕೋರಿಕೆಯನ್ನು ಬರೆದು ಆರೋಗ್ಯ ಇಲಾಖೆಗೆ ಕಳಿಸಬೇಕೆಂದಿದ್ದೇನೆ. ಸಹಿ ಹಾಕಲು ಒಪ್ಪುವವರು ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿಗೆ ಬನ್ನಿ.